ಕ್ಲೋರಿನ್ ಅಳೆಯಬೇಕಾದದ್ದು ಕೊನೆಯ ನಳದಲ್ಲಿ

ಸಂಪಾದಕರಿಗೆ,

ಮಾನ್ಯರೇ,

ವಾಂತಿಭೇದಿ ಕಾಣಿಸಿಕೊಂಡ ಊರಿಗೆ ಮರುದಿನ ಹೋದರೆ ಮೊದಲು ಕಣ್ಣಿಗೆ ಬೀಳುವುದು ಚರಂಡಿಯ ಎರಡೂ ದಂಡೆಗೆ ರಂಗೋಲಿಯಂತೆ ಎಳೆದ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ. ಅಧಿಕಾರಿಗಳು ಬರುತ್ತಾರೆ, ಫೋಟೊ ಆಗುತ್ತದೆ, ‘ಅಗತ್ಯ ಕ್ರಮ ಕೈಗೊಳ್ಳಲಾಗಿದೆ’ ಎಂಬ ಹೇಳಿಕೆ ಹೊರಬೀಳುತ್ತದೆ. ಆ ಪೌಡರಿನಿಂದ ಕುಡಿಯುವ ನೀರಿಗೆ ಮೂರು ಕಾಸಿನ ಉಪಯೋಗವಿಲ್ಲ. ಅದರ ಕ್ಲೋರಿನ್ನನ್ನು ಚರಂಡಿಯ ಕೊಳಕೇ ನಿಮಿಷಗಳಲ್ಲಿ ನುಂಗಿಬಿಡುತ್ತದೆ, ಉಳಿದದ್ದು ಬಿಸಿಲಿಗೆ ಹೋಗುತ್ತದೆ. ಹೀಗೆ ಚೆಲ್ಲಿದ 25 ಕಿಲೊ ಚೀಲವನ್ನು ಸರಿಯಾಗಿ ಬಳಸಿದ್ದರೆ 50 ಸಾವಿರ ಲೀಟರಿನ ಮೇಲ್ತೊಟ್ಟಿಯೊಂದಕ್ಕೆ ಹೆಚ್ಚುಕಡಿಮೆ ಎರಡು ತಿಂಗಳು ಸಾಕಾಗುತ್ತಿತ್ತು.

2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಮರುವರ್ಷ ಅದೇ ಮೇ–ಜೂನ್ ಹೊತ್ತಿಗೆ ದೇವದುರ್ಗ ತಾಲ್ಲೂಕಿನ ರೇಕಲಮರಡಿ, ಕೊಪ್ಪಳ ಜಿಲ್ಲೆಯ ಬಸರಿಹಾಳ ಪತ್ರಿಕೆಗಳ ಮುಖಪುಟಕ್ಕೆ ಬಂದವು. ಪ್ರತಿ ಸಲವೂ ಮಾತು ಹೊರಳುವುದು ಯಾರನ್ನು ಅಮಾನತು ಮಾಡಿದರು, ಪರಿಹಾರ ಎಷ್ಟು ಕೊಟ್ಟರು ಎಂಬುದರ ಕಡೆಗೆ. ನೀರಿನ ಪರೀಕ್ಷೆ ಮತ್ತು ರೋಗ ಸರ್ವೇಕ್ಷಣೆಯ ಕೆಲಸ ಬಲ್ಲ ನಾವು ಕೆಲವರು ಈ ಪತ್ರದಲ್ಲಿ ಕೇಳುತ್ತಿರುವುದು ಬೇರೆ. ನೀರಿನಲ್ಲಿ ಉಳಿದ ಕ್ಲೋರಿನ್ನನ್ನು ಪ್ರತಿ ಪೈಪ್ ಸಾಲಿನ ಕೊನೆಯ ನಳದಲ್ಲಿ ಅಳೆಯಬೇಕು. ಭೇದಿ ಆದವರ ಲೆಕ್ಕವನ್ನೂ ಅದೇ ಸಾಲಿನ ಪ್ರಕಾರ ಬರೆಯಬೇಕು. ಎರಡೂ ಒಂದೇ ಫಲಕದಲ್ಲಿ ಜನರ ಕಣ್ಣಿಗೆ ಬೀಳಬೇಕು. ಈಗ ಒಂದು ಲೆಕ್ಕ ಪಂಚಾಯಿತಿಯಲ್ಲಿದೆ, ಇನ್ನೊಂದು ಆರೋಗ್ಯ ಇಲಾಖೆಯಲ್ಲಿದೆ. ಒಂದರ ಮುಖ ಇನ್ನೊಂದು ನೋಡುವುದು ಸಾವು ಸಂಭವಿಸಿದ ಮೇಲೆ.

ಕೊನೆಯ ನಳವೇ ಯಾಕೆ? ಟ್ಯಾಂಕಿನಲ್ಲಿ ಚೆನ್ನಾಗಿರುವ ನೀರು ಕೆಡುವುದು ದಾರಿಯಲ್ಲಿ. ನಮ್ಮ ಕಡೆ ದಿನವಿಡೀ ನೀರು ಬರುವ ಊರು ಬೆರಳೆಣಿಕೆಯಷ್ಟು. ಬಹುಪಾಲು ಕಡೆ ದಿನ ಬಿಟ್ಟು ದಿನ, ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ, ಕೆಲವು ಕಡೆ ವಾರಕ್ಕೊಮ್ಮೆ. ವಾಲ್ವ್ ಬಂದ್ ಮಾಡಿದ ಕೂಡಲೇ ಪೈಪಿನಲ್ಲಿದ್ದ ನೀರು ತಗ್ಗಿನ ಕಡೆಗೆ ಇಳಿಯುತ್ತದೆ, ಎತ್ತರದ ಭಾಗ ಬರಿದಾಗುತ್ತದೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗಿ, ಸಡಿಲ ಜಾಯಿಂಟು, ಬಿರುಕು, ತುಕ್ಕು ಹಿಡಿದ ತೂತು ಎಲ್ಲವೂ ಹೊರಗಿನ ತೇವವನ್ನು ಒಳಕ್ಕೆ ಎಳೆಯತೊಡಗುತ್ತವೆ. ಪೈಪು ಚರಂಡಿಯ ಪಕ್ಕದಲ್ಲಿ, ಎಷ್ಟೋ ಕಡೆ ಚರಂಡಿಯ ಒಳಗೇ ಹಾದುಹೋಗಿದ್ದರೆ ಅದು ಎಳೆದುಕೊಳ್ಳುವುದು ಯಾವ ನೀರನ್ನು ಎಂದು ಬಿಡಿಸಿ ಹೇಳಬೇಕಿಲ್ಲ. ವಾಲ್ವ್ ಇರುವ ಚೇಂಬರಿನ ಮುಚ್ಚಳ ಒಡೆದು, ಮಳೆಗಾಲದಲ್ಲಿ ಅದು ಕೊಳಚೆಯಿಂದ ತುಂಬಿಕೊಂಡರೂ ಆಗುವುದು ಇದೇ.

ಗುಂಡಿ ನಳದ ಕಥೆ ಇನ್ನೂ ಕೆಟ್ಟದು. ಒತ್ತಡ ಸಾಲದ ಓಣಿಯಲ್ಲಿ ಮನೆಯ ಮುಂದೆ ಎರಡು ಮೂರು ಅಡಿ ತೋಡಿ, ಪೈಪನ್ನು ಅಲ್ಲಿಯೇ ಕತ್ತರಿಸಿ, ಗುಂಡಿಯೊಳಗೆ ಕೊಡ ಇಳಿಸಿ ನೀರು ಹಿಡಿಯುತ್ತಾರೆ. ಹಿಡಿದಾದ ಮೇಲೆ ಪೈಪಿನ ಬಾಯಿಗೆ ಬಟ್ಟೆಯ ಚಿಂದಿಯೋ ಮರದ ಬಿರಡೆಯೋ ತುರುಕುತ್ತಾರೆ. ಮುಸುರೆ ತೊಳೆದ ನೀರು, ಬಟ್ಟೆ ಒಗೆದ ನೀರು, ಮಳೆ ಬಂದರೆ ಬೀದಿಯ ನೀರು ಎಲ್ಲವೂ ಇಳಿದು ನಿಲ್ಲುವುದು ಆ ಗುಂಡಿಯಲ್ಲಿಯೇ. ಮಗುವಿನ ಲಂಗೋಟಿ ಜಾಲಿಸಿದ ನೀರೂ ಅಲ್ಲಿಗೇ. ಸರಬರಾಜು ನಿಂತ ಗಳಿಗೆಯಲ್ಲಿ ಬಿರಡೆಯ ಸಂದಿಯಿಂದ ಗುಂಡಿಯ ನೀರು ಪೈಪಿಗೆ ಸೇರುತ್ತದೆ, ಮುಂದಿನ ಸಲ ವಾಲ್ವ್ ತೆರೆದಾಗ ಅದು ಇಡೀ ಸಾಲಿನ ಕೊಡಗಳಿಗೆ ಹಂಚಿಕೆಯಾಗುತ್ತದೆ. ಇನ್ನು ನಳಕ್ಕೇ ನೇರವಾಗಿ ಅರ್ಧ ಎಚ್‌ಪಿ ಮೋಟಾರು ಕೂರಿಸುವವರು. ಅವರು ಎಳೆಯುವ ರಭಸಕ್ಕೆ ನೀರು ಬರುತ್ತಿರುವಾಗಲೇ ಪಕ್ಕದ ಗುಂಡಿಗಳಿಂದ ಕೊಳಕು ಒಳಕ್ಕೆ ಬರುತ್ತದೆ. ಜನರನ್ನು ಬೈದು ಪ್ರಯೋಜನವಿಲ್ಲ. ಒತ್ತಡ ಇದ್ದಿದ್ದರೆ ಯಾರೂ ಗುಂಡಿ ತೋಡುತ್ತಿರಲಿಲ್ಲ. ಆದರೆ ಗುಂಡಿ ಇರುವವರೆಗೂ ಅದರ ತಳಕ್ಕೆ ಸಿಮೆಂಟು, ಸುತ್ತ ಅರ್ಧ ಅಡಿ ಕಟ್ಟೆ, ಪೈಪಿಗೆ ತಿರುಪಿನ ಮುಚ್ಚಳ ಇವಿಷ್ಟಾದರೂ ಆಗಬೇಕು. ದೊಡ್ಡ ಯೋಜನೆ ಬರಲಿ ಎಂದು ಕಾಯುವ ಕೆಲಸ ಇದಲ್ಲ.

ಈ ಎಲ್ಲ ದಾರಿಯನ್ನೂ ದಾಟಿ ನೀರು ಕೊನೆಯ ಮನೆ ಮುಟ್ಟಿದಾಗ ಅದರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ಭಾರತೀಯ ಮಾನಕ ಬ್ಯೂರೋದ 10500ನೇ ಮಾನಕ. ಊರಿನಲ್ಲಿ ಭೇದಿ ಶುರುವಾಗಿದ್ದರೆ 0.5ಕ್ಕೆ ಏರಿಸಿಕೊಳ್ಳಬೇಕು. ಉಳಿದ ಕ್ಲೋರಿನ್ ಎಂದರೆ ಕಾವಲುಗಾರ. ದಾರಿಯಲ್ಲಿ ಅಲ್ಪಸ್ವಲ್ಪ ಕೊಳಕು ಸೇರಿದರೆ ಅದೇ ನೋಡಿಕೊಳ್ಳುತ್ತದೆ. ಹೆಚ್ಚು ಸೇರಿದರೆ ತಾನು ಖರ್ಚಾಗಿ, ಸೊನ್ನೆ ತೋರಿಸಿ ನಮಗೆ ಸುದ್ದಿ ಮುಟ್ಟಿಸುತ್ತದೆ. ಟ್ಯಾಂಕಿನ ಬುಡದಲ್ಲಿ ಅಳೆದರೆ ಈ ಸುದ್ದಿ ಎಂದಿಗೂ ಸಿಗುವುದಿಲ್ಲ.

ಅಳೆಯುವುದು ಕಷ್ಟವೇನಲ್ಲ. ಜಲಜೀವನ ಮಿಷನ್ನಿನಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ಪರೀಕ್ಷೆಯ ತರಬೇತಿ ಕೊಟ್ಟು ಕಿಟ್ ಒದಗಿಸುವ ವ್ಯವಸ್ಥೆ ಇದೆ. ಆ ಕಿಟ್ ಪಂಚಾಯಿತಿಯ ಬೀರುವಿನಲ್ಲಿದ್ದರೆ ಹೊರಗೆ ತೆಗೆಯಿರಿ, ಒಳಗಿನ ದ್ರಾವಣಗಳ ಅವಧಿ ನೋಡಿ. ವಾಲ್ವ್ ತೆರೆದು ಇಪ್ಪತ್ತು ನಿಮಿಷ ಆದ ಮೇಲೆ, ಸಾಲಿನ ಕೊನೆಯ ಮನೆಯಲ್ಲಿ, ನೇರ ನಳದಿಂದ ನೀರು ಹಿಡಿಯಬೇಕು. ಮನೆಯ ಸಿಂಟೆಕ್ಸಿನಿಂದಲ್ಲ, ತೊಟ್ಟಿಯಿಂದಲ್ಲ, ನಳಕ್ಕೆ ಸಿಕ್ಕಿಸಿದ ರಬ್ಬರ್ ಪೈಪಿನಿಂದಲೂ ಅಲ್ಲ. ನಳಿಕೆಯನ್ನು ಅದೇ ನೀರಿನಲ್ಲಿ ಎರಡು ಸಲ ತೊಳೆದು, ಗೆರೆಯವರೆಗೆ ತುಂಬಿ, ಕಿಟ್ಟಿನಲ್ಲಿ ಹೇಳಿದಷ್ಟು ಹನಿ ಓಟಿ ದ್ರಾವಣ (ಆರ್ಥೋಟಾಲಿಡಿನ್, ಕ್ಲೋರಿನ್ ಇದ್ದರೆ ಹಳದಿಯಾಗುತ್ತದೆ) ಹಾಕಿ, ನೆರಳಿನಲ್ಲಿ ಬಿಳಿ ಹಾಳೆಯ ಮುಂದೆ ಹಿಡಿದು ಹಳದಿ ಬಣ್ಣವನ್ನು ಹೋಲಿಸಬೇಕು. ಹತ್ತು ಸೆಕೆಂಡಿನೊಳಗೆ ಓದಿದ್ದು ನಿಜವಾದ ಬಿಡಿ ಕ್ಲೋರಿನ್. ಆಮೇಲೂ ಬಣ್ಣ ಗಾಢವಾಗುತ್ತಾ ಹೋದರೆ ಅದು ಅಮೋನಿಯಾದ ಜೊತೆ ಕೂಡಿಕೊಂಡ ಕ್ಲೋರಿನ್. ಅದಕ್ಕೆ ಕ್ರಿಮಿ ಕೊಲ್ಲುವ ಶಕ್ತಿ ಬಹಳ ಕಡಿಮೆ. ಮೊದಲು ತೆಳುವಾಗಿದ್ದ ಬಣ್ಣ ಐದು ನಿಮಿಷದಲ್ಲಿ ದಟ್ಟವಾಯಿತೆಂದರೆ ಆ ಸಾಲಿಗೆ ಕೊಳಚೆ ಸೇರುತ್ತಿದೆಯೇ ಎಂದು ನೋಡಲೇಬೇಕು. ಬಾಟಲಿಯಲ್ಲಿರುವ ಓಟಿ ದ್ರಾವಣವೇ ಹಳದಿ ತಿರುಗಿದ್ದರೆ ಚೆಲ್ಲಿಬಿಡಿ. ಓಟಿಯನ್ನು ಕೈಗೆ ಸೋಕಿಸಿಕೊಳ್ಳುವುದು ಒಳ್ಳೆಯದಲ್ಲ, ಅದು ಕ್ಯಾನ್ಸರ್ ತರಬಲ್ಲ ವಸ್ತುವೆಂಬ ಕಾರಣಕ್ಕೆ ಹಲವು ದೇಶಗಳು ಬಿಟ್ಟಿವೆ. ಕ್ಲೋರಿನ್ ಪರೀಕ್ಷೆಗೇ ಇರುವ ಡಿಪಿಡಿ ಮಾತ್ರೆ ಸಿಕ್ಕರೆ ಅದೇ ಉತ್ತಮ, ಬಣ್ಣ ಗುಲಾಬಿ ಬರುತ್ತದೆ. ಅದರಲ್ಲೂ ಒಂದು ಮೋಸವಿದೆ: ಕ್ಲೋರಿನ್ ವಿಪರೀತವಾದರೆ ಗುಲಾಬಿ ಬಣ್ಣ ಮಾಸಿ, ಸೊನ್ನೆ ಇದ್ದಂತೆ ಕಾಣುತ್ತದೆ. ಮೂಗಿಗೆ ಘಾಟು ಬಡಿಯುತ್ತಿದ್ದು ನಳಿಕೆಯಲ್ಲಿ ಬಣ್ಣ ಬಾರದಿದ್ದರೆ ಕ್ಲೋರಿನ್ ಇಲ್ಲದ ನೀರು ಬೆರೆಸಿ ಮತ್ತೆ ನೋಡಬೇಕು. ನೀರನ್ನು ಬಾಟಲಿಯಲ್ಲಿ ಕಚೇರಿಗೆ ಒಯ್ದು ಪರೀಕ್ಷಿಸುವ ಅಭ್ಯಾಸ ಮಾತ್ರ ಬೇಡ; ನಮ್ಮ ಬಿಸಿಲಿನಲ್ಲಿ ದಾರಿಯಲ್ಲೇ ಕ್ಲೋರಿನ್ ಮುಗಿದಿರುತ್ತದೆ.

ಪರೀಕ್ಷೆಯ ರಿಜಿಸ್ಟರ್ ಬಗ್ಗೆ ಒಂದು ಮಾತು. ತಿಂಗಳಿಡೀ 0.2, 0.2, 0.2 ಎಂದು ಒಂದೇ ಕೈಬರಹದಲ್ಲಿ, ಒಂದೇ ಪೆನ್ನಿನಲ್ಲಿ ಬರೆದ ಪುಟವನ್ನು ತಪಾಸಣೆಗೆ ಬಂದವರು ಸಹಿ ಮಾಡಿ ಹೋಗುತ್ತಾರೆ. ನಿಜವಾಗಿ ಅಳೆದ ಕ್ಲೋರಿನ್ ದಿನಾಲೂ ಒಂದೇ ಇರುವುದಿಲ್ಲ. ಬಿಸಿಲು ಏರಿದರೆ ಇಳಿಯುತ್ತದೆ, ರಾಡಿ ನೀರು ಬಂದರೆ ಇಳಿಯುತ್ತದೆ, ಹೊಸ ಚೀಲ ಬಿಚ್ಚಿದ ದಿನ ಏರುತ್ತದೆ. ಏರಿಳಿತವಿಲ್ಲದ ರಿಜಿಸ್ಟರ್ ಎಂದರೆ ಯಾರೂ ಅಳೆದಿಲ್ಲ ಎಂಬುದಕ್ಕೆ ಲಿಖಿತ ಸಾಕ್ಷಿ. ಸೊನ್ನೆ ಬರೆದವರಿಗೆ ನೋಟಿಸು, 0.2 ಬರೆದವರಿಗೆ ಶಹಬ್ಬಾಸ್‌ಗಿರಿ ಎಂಬ ರೂಢಿ ಇರುವವರೆಗೂ ಇದು ಹೀಗೆಯೇ. ಸೊನ್ನೆ ಬರೆದವರೇ ಕೆಲಸ ಮಾಡಿದವರು ಎಂದು ಮೇಲಿನವರು ಒಪ್ಪಬೇಕು.

ಸೊನ್ನೆ ಬಂದರೆ ಏನು ಮಾಡಬೇಕು? ಮೊದಲು ಟ್ಯಾಂಕಿನಲ್ಲಿ ನೋಡಿ. ಅಲ್ಲಿಯೂ ಸೊನ್ನೆಯಾದರೆ ಪೌಡರ್ ಬಿದ್ದಿಲ್ಲ, ಇಲ್ಲವೇ ಬಿದ್ದ ಪೌಡರಿನಲ್ಲಿ ಸತ್ವವಿಲ್ಲ. ಟ್ಯಾಂಕಿನಲ್ಲಿ ಚೆನ್ನಾಗಿದ್ದು ಕೊನೆಯಲ್ಲಿ ಸೊನ್ನೆಯಾದರೆ ದೋಷ ನಡುವೆ ಎಲ್ಲೋ ಇದೆ. ಇಡೀ ಓಣಿ ಅಗೆಯಬೇಕಿಲ್ಲ. ಸಾಲಿನ ನಡುಮನೆಯಲ್ಲಿ ಪರೀಕ್ಷೆ ಮಾಡಿ. ಅಲ್ಲಿ ಕ್ಲೋರಿನ್ ಇದ್ದರೆ ತಪ್ಪು ಆಚೆಯ ಅರ್ಧದಲ್ಲಿ, ಇಲ್ಲದಿದ್ದರೆ ಈಚೆಯ ಅರ್ಧದಲ್ಲಿ. ಆ ಅರ್ಧದ ನಡುವೆ ಮತ್ತೆ. ಹೀಗೆ 64 ಮನೆಗಳ ಸಾಲಾದರೂ ಆರು ಪರೀಕ್ಷೆಯಲ್ಲಿ ಎರಡು ಮನೆಗಳ ನಡುವಿನ ಜಾಗಕ್ಕೆ ಬಂದು ನಿಲ್ಲಬಹುದು; ಒಂದೇ ಸರದಿಯ ನೀರಿನಲ್ಲಿ ಕೆಲಸ ಮುಗಿಯುತ್ತದೆ. ಕ್ಲೋರಿನ್ ಮನೆಯಿಂದ ಮನೆಗೆ ಸ್ವಲ್ಪಸ್ವಲ್ಪವೇ ಇಳಿಯುತ್ತಾ ಹೋದರೆ ಅದು ಹಳೆಯ ಕಬ್ಬಿಣದ ಪೈಪಿನ ಒಳಗೋಡೆಯ ಪಾಚಿ, ತುಕ್ಕು ತಿನ್ನುವುದು. ಎರಡು ಮನೆಗಳ ನಡುವೆ ಧುತ್ತೆಂದು ಸೊನ್ನೆಯಾದರೆ ಅಲ್ಲಿ ಗುದ್ದಲಿ ಹಾಕಿ.

ಪೈಪು ಸರಿಮಾಡಿ ಮಣ್ಣು ಮುಚ್ಚಿ ಬರುವುದು ಇನ್ನೊಂದು ತಪ್ಪು. ರಿಪೇರಿ ಮಾಡುವಾಗ ಒಳಗೆ ರಾಡಿ ಹೋಗಿಯೇ ಇರುತ್ತದೆ. 3 ಇಂಚಿನ ಪೈಪು 100 ಮೀಟರಿಗೆ ಸುಮಾರು 450 ಲೀಟರ್ ಹಿಡಿಯುತ್ತದೆ. ಅದರಲ್ಲಿ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಇರಬೇಕೆಂದರೆ, ನೂರಕ್ಕೆ 25ರಷ್ಟು ಸತ್ವವಿರುವ ಪೌಡರ್ 90 ಗ್ರಾಂ ಬೇಕು. ಅದರ ತಿಳಿನೀರನ್ನು ಪೈಪಿಗೆ ತುಂಬಿ, ಒಂದು ದಿನ ಹಾಗೇ ಬಿಟ್ಟು, ಮರುದಿನ ಕೊನೆಯ ನಳದಿಂದ ಪೂರ್ತಿ ಹೊರಬಿಡಬೇಕು. ಆ ನೀರನ್ನು ಯಾರೂ ಹಿಡಿಯದಂತೆ ಹಿಂದಿನ ದಿನವೇ ಡಂಗುರ ಹೊಡೆಸಬೇಕು, ದನಕರುಗಳಿಗೂ ಕುಡಿಸಬಾರದು.

ಇನ್ನು ಪೌಡರ್. ಕಾರ್ಖಾನೆಯಿಂದ ಬಂದಾಗ ಅದರಲ್ಲಿ ನೂರಕ್ಕೆ 33ರ ಆಸುಪಾಸಿನಲ್ಲಿ ಕ್ಲೋರಿನ್ ಇರುತ್ತದೆ. ಬಾಯಿ ಬಿಚ್ಚಿದ ಚೀಲವನ್ನು ಪಂಪ್‌ಹೌಸಿನ ತಗಡಿನ ಚಾವಣಿಯ ಕೆಳಗೆ ಏಪ್ರಿಲ್–ಮೇ ತಿಂಗಳು ಇಟ್ಟರೆ ವಾರವಾರಕ್ಕೂ ಸತ್ವ ಇಳಿಯುತ್ತದೆ. ತೇವ ಹಿಡಿದು ಗಡ್ಡೆ ಕಟ್ಟಿ, ಘಾಟೇ ಇಲ್ಲದಂತಾದ ಪೌಡರ್ ಬರೀ ಸುಣ್ಣ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಕತ್ತಲೆಯ ಒಣ ಜಾಗದಲ್ಲಿ, ನೆಲಕ್ಕೆ ತಾಗದಂತೆ ಇಡಬೇಕು. ಮೂರು ತಿಂಗಳಿಗೆ ಆಗುವಷ್ಟನ್ನು ಒಮ್ಮೆಲೇ ಖರೀದಿಸಿ ಬಿಲ್ ಮಾಡುವುದಕ್ಕಿಂತ ತಿಂಗಳಿಗೊಮ್ಮೆ ತರಿಸುವುದು ವಾಸಿ.

ಲೆಕ್ಕ ಸರಳ. ಸಾವಿರ ಲೀಟರಿಗೆ 1 ಗ್ರಾಂ ಶುದ್ಧ ಕ್ಲೋರಿನ್ ಎಂದರೆ ಲೀಟರಿಗೆ 1 ಮಿಲಿಗ್ರಾಂ. 50 ಸಾವಿರ ಲೀಟರ್ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಹಾಕಬೇಕೆಂದರೆ 100 ಗ್ರಾಂ ಕ್ಲೋರಿನ್ ಬೇಕು. ಹೊಸ ಪೌಡರಾದರೆ 300 ಗ್ರಾಂ, ಸತ್ವ 25ಕ್ಕೆ ಇಳಿದಿದ್ದರೆ 400 ಗ್ರಾಂ, 15ಕ್ಕೆ ಇಳಿದಿದ್ದರೆ 670 ಗ್ರಾಂ. 5 ಸಾವಿರ ಲೀಟರಿನ ಟ್ಯಾಂಕರಿಗೆ 25ರ ಸತ್ವದ ಪೌಡರ್ 40 ಗ್ರಾಂ. ತುಂಬುವ ಜಾಗದಲ್ಲೇ ಹಾಕಿದರೆ ಊರು ಮುಟ್ಟುವ ಅರ್ಧ ಗಂಟೆಯಲ್ಲಿ ಅದು ತನ್ನ ಕೆಲಸ ಮಾಡಿರುತ್ತದೆ. ‘ಎರಡು ಹಿಡಿ’, ‘ಒಂದು ಚಂಬು’ ಎಂಬ ಅಳತೆ ಬಿಟ್ಟು ಒಂದು ತಕ್ಕಡಿ ಕೊಡಿಸಿ.

ಪೌಡರನ್ನು ಹಾಗೇ ಟ್ಯಾಂಕಿಗೆ ಸುರಿಯಬಾರದು. ಸುಣ್ಣ ತಳಕ್ಕೆ ಕೂತು ವಾಲ್ವ್ ಕಟ್ಟಿಕೊಳ್ಳುತ್ತದೆ, ಕ್ಲೋರಿನ್ ಒಂದೇ ಮೂಲೆಯಲ್ಲಿ ನಿಲ್ಲುತ್ತದೆ, ಮೊದಲ ಓಣಿಗೆ ಘಾಟಿನ ನೀರು, ಕಡೆಯ ಓಣಿಗೆ ಬರಿಯ ನೀರು ಹೋಗುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟು ಕಲಸಿದ ಹಾಗೆ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ ಕದಡಿ, ಹತ್ತು ನಿಮಿಷ ಬಿಡಬೇಕು. ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕ್ ಕಾಲುಭಾಗ ತುಂಬಿದಾಗ, ನೀರು ಬೀಳುವ ಜಾಗಕ್ಕೇ ಹಾಕಬೇಕು. ಉಳಿದ ಮುಕ್ಕಾಲು ತುಂಬುವಷ್ಟರಲ್ಲಿ ತಾನಾಗಿ ಬೆರೆಯುತ್ತದೆ. ಟ್ಯಾಂಕ್ ತುಂಬಿದ ಅರ್ಧ ಗಂಟೆಯ ನಂತರವೇ ವಾಲ್ವ್ ತೆರೆಯಬೇಕು. ತ್ರೀಫೇಸ್ ಕರೆಂಟು ಬಂದಾಗ ಬೋರಿನಿಂದ ಟ್ಯಾಂಕ್ ಬಿಟ್ಟು ನೇರ ಲೈನಿಗೆ ನೀರು ಹರಿಸುವ ಪದ್ಧತಿ ಹಲವು ಊರುಗಳಲ್ಲಿದೆ. ಆ ನೀರು ಕ್ಲೋರಿನ್ನಿನ ಮುಖವನ್ನೇ ನೋಡಿರುವುದಿಲ್ಲ.

ಎಷ್ಟು ಪೌಡರ್ ಬೇಕು ಎಂಬುದನ್ನು ನೀರನ್ನೇ ಕೇಳಿ ತಿಳಿಯಲು ಒಂದು ಹಳೆಯ ಪೆಟ್ಟಿಗೆ ಇದೆ, ಹಾರಕ್ಸ್ ಉಪಕರಣ ಎನ್ನುತ್ತಾರೆ. ಹಳೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಬೀರುವಿನಲ್ಲಿ ದೂಳು ಹಿಡಿದು ಕೂತಿರಬಹುದು, ಹುಡುಕಿ. ಕಪ್ಪು ಬಣ್ಣದ ಒಂದು ಬಟ್ಟಲು, ಬಿಳಿ ಬಣ್ಣದ ಆರು ಬಟ್ಟಲು, 2 ಗ್ರಾಂ ಹಿಡಿಯುವ ಲೋಹದ ಚಮಚ. ಕಪ್ಪು ಬಣ್ಣದ್ದರಲ್ಲಿ ಒಂದು ಚಮಚ ಪೌಡರನ್ನು ಕಲಸಿ ಗೆರೆಯವರೆಗೆ ನೀರು ಹಾಕಿ ತಿಳಿಯಾಗಲು ಬಿಡಬೇಕು. ಬಿಳಿ ಬಟ್ಟಲುಗಳಿಗೆ ಪರೀಕ್ಷಿಸಬೇಕಾದ ನೀರು ತುಂಬಿ, ಮೊದಲನೆಯದಕ್ಕೆ ಒಂದು ಹನಿ ತಿಳಿ, ಎರಡನೆಯದಕ್ಕೆ ಎರಡು, ಹೀಗೆ ಆರನೆಯದಕ್ಕೆ ಆರು ಹನಿ. ಅರ್ಧ ಗಂಟೆ ಬಿಟ್ಟು ಎಲ್ಲಕ್ಕೂ ಪಿಷ್ಟ-ಅಯೊಡೈಡ್ ಸೂಚಕ ಮೂರು ಮೂರು ಹನಿ. ಎಷ್ಟನೇ ಬಟ್ಟಲಿನಲ್ಲಿ ಮೊದಲು ನೀಲಿ ಸ್ಪಷ್ಟವಾಗಿ ಮೂಡಿತೋ ಅಷ್ಟು ಚಮಚ ಪೌಡರ್ 455 ಲೀಟರಿಗೆ ಬೇಕು. ಮೂರನೆಯದಾದರೆ 6 ಗ್ರಾಂ. ಈ ಪರೀಕ್ಷೆಯ ಸೊಗಸೆಂದರೆ ನಿಮ್ಮಲ್ಲಿರುವ ಪೌಡರಿನ ಸತ್ವವೂ ನಿಮ್ಮ ನೀರಿನ ಕೊಳಕೂ ಎರಡೂ ಒಂದೇ ಉತ್ತರದಲ್ಲಿ ಬಂದುಬಿಡುತ್ತವೆ. ಹೊಸ ಡಿಜಿಟಲ್ ಮೀಟರ್ ಬಂದಿಲ್ಲವೆಂದು ಕೈಕಟ್ಟಿ ಕೂರುವವರಿಗೆ ಇದನ್ನು ನೆನಪಿಸಬೇಕಾಗುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆ, ನಾರಾಯಣಪುರ ಬಲದಂಡೆ ಕಾಲುವೆಗಳ ನೀರು ತುಂಬಿಸಿಕೊಂಡ ಕೆರೆಗಳನ್ನು ನೆಚ್ಚಿದ ಊರುಗಳಿಗೆ ಬೇಸಿಗೆಯ ಕೊನೆಯೇ ಗಂಡಾಂತರದ ಕಾಲ. ಕಾಲುವೆ ಬಂದ್ ಆಗಿ ಕೆರೆ ತಳ ಕಾಣುವಾಗ ನೀರು ಹಸಿರುಗಟ್ಟುತ್ತದೆ. ಮೊದಲ ಮಳೆಗೆ ದಂಡೆಯ ಮೇಲಿನ ಹೊಲಸೆಲ್ಲ ಅದರೊಳಕ್ಕೆ. ರಾಡಿಯ ಪ್ರಮಾಣ 5 ಎನ್‌ಟಿಯು (ರಾಡಿ ಅಳೆಯುವ ಮಾನ) ದಾಟಿದ ನೀರಿಗೆ ಎಷ್ಟು ಕ್ಲೋರಿನ್ ಸುರಿದರೂ ಕ್ರಿಮಿಗಳು ಮಣ್ಣಿನ ಕಣದೊಳಗೆ ಅಡಗಿ ಉಳಿಯುತ್ತವೆ. ಮೊದಲು ಆಲಂ ಹಾಕಿ ತಿಳಿಗೊಳಿಸಿ, ಮರಳಿನಲ್ಲಿ ಸೋಸಿ, ಆಮೇಲೆ ಕ್ಲೋರಿನ್. ಮರಳು ಸೋಸುಕದ ಮೇಲ್ಪದರ ಕೆರೆದು ತೆಗೆದ ಮೊದಲ ಕೆಲವು ದಿನ ಅದು ಸರಿಯಾಗಿ ಸೋಸುವುದಿಲ್ಲ ಎಂಬುದನ್ನು ನೆನಪಿಟ್ಟು, ಸ್ವಚ್ಛತೆಯ ಕೆಲಸವನ್ನು ಮಳೆಗೆ ಮುಂಚೆಯೇ ಮುಗಿಸಬೇಕು. ಶುದ್ಧ ನೀರಿನ ಘಟಕವಿದೆಯಲ್ಲ ಎನ್ನುವವರಿಗೆ: ಆರ್‌ಒ ನೀರಿನಲ್ಲಿ ಫ್ಲೋರೈಡ್ ಕಡಿಮೆಯಾಗುತ್ತದೆ, ಅದು ನಮ್ಮ ಜಿಲ್ಲೆಗಳಿಗೆ ದೊಡ್ಡ ಉಪಕಾರ. ಆದರೆ ಅದರಲ್ಲಿ ಉಳಿದ ಕ್ಲೋರಿನ್ ಇರುವುದಿಲ್ಲ. ಒಳಗೆ ಪಾಚಿ ಕಟ್ಟಿದ 20 ಲೀಟರ್ ಕ್ಯಾನಿಗೆ ಅದನ್ನು ತುಂಬಿದರೆ ಕಾಯುವವರು ಯಾರೂ ಇಲ್ಲ.

ಈಗ ರೋಗದ ಲೆಕ್ಕಕ್ಕೆ ಬರೋಣ. 2004ರಲ್ಲಿ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆ ಶುರುವಾಯಿತು; ಉಪಕೇಂದ್ರದ ಸಿಸ್ಟರ್ ಎಸ್ (ಶಂಕಿತ) ನಮೂನೆ, ವೈದ್ಯರು ಪಿ (ಸಂಭಾವ್ಯ) ನಮೂನೆ, ಪ್ರಯೋಗಾಲಯ ಎಲ್ (ದೃಢಪಟ್ಟ) ನಮೂನೆ ವಾರಕ್ಕೊಮ್ಮೆ ತುಂಬುತ್ತಿದ್ದರು. 2021ರಿಂದ ಅದು ಐಎಚ್‌ಐಪಿ ಎಂಬ ಆನ್‌ಲೈನ್ ಪೋರ್ಟಲ್ಲಿಗೆ ಬಂದು, ಅಂದಿನದು ಅಂದೇ ಜಿಲ್ಲೆಗೆ ಕಾಣುತ್ತದೆ. ವ್ಯವಸ್ಥೆ ಒಳ್ಳೆಯದೇ. ಕೊರತೆ ಎರಡು. ಒಂದು, ಭೇದಿಯಾದವರು ಮೊದಲು ಹೋಗುವುದು ಊರಿನ ಖಾಸಗಿ ಡಾಕ್ಟರ ಹತ್ತಿರ, ಇಲ್ಲವೇ ಮೆಡಿಕಲ್ ಶಾಪಿಗೆ. ಅಲ್ಲಿನ ಲೆಕ್ಕ ಪೋರ್ಟಲ್ಲಿಗೆ ಬರುವುದು ಅಪರೂಪ. ದಿನಕ್ಕೆ ಎಷ್ಟು ಸಲೈನ್ ಏರಿಸಿದಿರಿ, ಎಷ್ಟು ಓಆರ್‌ಎಸ್ ಪೊಟ್ಟಣ ಮಾರಿದಿರಿ ಎಂದು ಆಶಾ ಕಾರ್ಯಕರ್ತೆ ಸಂಜೆ ಕೇಳಿ ಬರೆದುಕೊಂಡರೆ ಸಾಕು, ಎರಡು ದಿನ ಮುಂಚೆ ಸುಳಿವು ಸಿಗುತ್ತದೆ. ಇನ್ನೊಂದು, ಲೆಕ್ಕ ನಿಲ್ಲುವುದು ಊರಿನ ಹೆಸರಿಗೆ. ಮೂರು ಸಾವಿರ ಜನರ ಊರಿನಲ್ಲಿ ಎಂಟು ಜನರಿಗೆ ಭೇದಿ ಎಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಆ ಎಂಟೂ ಜನ ಒಂದೇ ವಾಲ್ವಿನ ನಲವತ್ತು ಮನೆಯವರಾದರೆ ಅದು ಬೆಂಕಿ ಹತ್ತಿದ ಸುದ್ದಿ. ಆದ್ದರಿಂದ ಪ್ರತಿ ರೋಗಿಯ ಹೆಸರು, ವಯಸ್ಸು, ಮನೆ, ಭೇದಿ ಶುರುವಾದ ದಿನ ಮತ್ತು ಹೊತ್ತು, ಕುಡಿದ ನೀರು ನಳದ್ದೋ ಬೋರಿನದೋ ಆರ್‌ಒದ್ದೋ, ನಳದ್ದಾದರೆ ಯಾವ ವಾಲ್ವು, ಇಷ್ಟನ್ನು ಕೈಬರಹದಲ್ಲಾದರೂ ಬರೆಯಬೇಕು.

ಮಕ್ಕಳ ಭೇದಿ ವರ್ಷವಿಡೀ ಇರುವಂಥದ್ದು. ಎಚ್ಚರವಾಗಬೇಕಾದದ್ದು ಐದು ವರ್ಷ ದಾಟಿದವರು, ಅದರಲ್ಲೂ ಗಟ್ಟಿಮುಟ್ಟಾದ ವಯಸ್ಕರೊಬ್ಬರು, ಅಕ್ಕಿ ಗಂಜಿಯಂಥ ಭೇದಿಯಾಗಿ ಕೆಲವೇ ಗಂಟೆಗಳಲ್ಲಿ ಕಣ್ಣು ಗುಳಿಬಿದ್ದು ನಿತ್ರಾಣರಾದಾಗ. ಅಂಥ ಒಬ್ಬರೇ ಸಾಕು, ಕಾಲರಾ ಎಂದೇ ತಿಳಿದು ಹೊರಡಬೇಕು. ಮಾದರಿ ತೆಗೆಯುವುದರಲ್ಲಿ ಎಲ್ಲ ಕಡೆ ಆಗುವ ತಪ್ಪು ಎಂದರೆ ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ ಮಲದ ಮಾದರಿ ತೆಗೆಯುವುದು. ಮೊದಲ ಡೋಸು ಬಿದ್ದ ಮೇಲೆ ಕ್ರಿಮಿ ಬೆಳೆಯುವುದು ಕಷ್ಟ; ‘ಕಾಲರಾ ಇಲ್ಲ’ ಎಂಬ ವರದಿ ಬರುತ್ತದೆ, ಎಲ್ಲರೂ ನಿರಾಳವಾಗುತ್ತಾರೆ. ಔಷಧಕ್ಕೆ ಮುಂಚೆ ಗುದದ್ವಾರದ ಸ್ವಾಬ್ ತೆಗೆದು, ಕ್ರಿಮಿಯನ್ನು ದಾರಿಯಲ್ಲಿ ಜೀವಂತವಾಗಿ ಉಳಿಸುವ ಕ್ಯಾರಿ-ಬ್ಲೇರ್ ಮಾಧ್ಯಮದ ನಳಿಕೆಗೆ ಹಾಕಿ, ಫ್ರಿಜ್ಜಿಗಿಡದೆ ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಬೇಕು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಅವಧಿ ಮುಗಿಯದ ಐದಾರು ನಳಿಕೆ ಮೇ ತಿಂಗಳಿಗೆ ಮುಂಚೆ ಇರಲೇಬೇಕು. ಅದೇ ದಿನ ನೀರಿನ ಮಾದರಿಯೂ ಬೇಕು, ಅದೂ ಟ್ಯಾಂಕಿಗೆ ಹೊಸದಾಗಿ ಪೌಡರ್ ಸುರಿಯುವ ಮುಂಚೆ. ಕ್ಲೋರಿನ್ ತಟಸ್ಥ ಮಾಡುವ ಥಯೋಸಲ್ಫೇಟ್ ಹಾಕಿದ ಕ್ರಿಮಿರಹಿತ ಬಾಟಲಿಯಲ್ಲಿ ಹಿಡಿದು, ಐಸ್ ಪೆಟ್ಟಿಗೆಯಲ್ಲಿಟ್ಟು ಆರು ಗಂಟೆಯೊಳಗೆ ಮುಟ್ಟಿಸಿದರೆ ಚೆನ್ನ. ಗಾಬರಿಯಲ್ಲಿ ಮೊದಲು ಪೌಡರ್ ಸುರಿದು ಆಮೇಲೆ ಬಾಟಲಿ ಹಿಡಿದರೆ ‘ನೀರು ಕುಡಿಯಲು ಯೋಗ್ಯ’ ಎಂಬ ವರದಿಯೇ ಕೈಗೆ ಬರುವುದು.

ಕಪ್ಪಾಗುವ ಎಚ್‌2ಎಸ್ ಬಾಟಲಿಯೂ ಕಿಟ್ಟಿನಲ್ಲಿರುತ್ತದೆ. ಗೆರೆಯವರೆಗೆ ನೀರು ತುಂಬಿ 24ರಿಂದ 48 ಗಂಟೆ ಇಟ್ಟಾಗ ಕಪ್ಪಾದರೆ ಮಲದ ಸಂಪರ್ಕವಿದೆ ಎಂದರ್ಥ. ಉಪಯುಕ್ತವೇ, ಆದರೆ ಉತ್ತರ ಬರುವಷ್ಟರಲ್ಲಿ ನೀರು ಕುಡಿದಾಗಿರುತ್ತದೆ. ಕಪ್ಪಾಗದಿದ್ದರೆ ವೈರಸ್ ಇಲ್ಲವೆಂಬ ಖಾತರಿಯೂ ಅಲ್ಲ. ಹಾಗೆಯೇ ಟೈಫಾಯಿಡ್ ಲೆಕ್ಕವನ್ನು ವಿಡಾಲ್ ಎಂಬ ರಕ್ತಪರೀಕ್ಷೆಯ ಒಂದೇ ಒಂದು ಚೀಟಿಯ ಮೇಲೆ ಕಟ್ಟುವುದು ಬೇಡ. ನಮ್ಮ ಕಡೆ ಹಳೆಯ ಸೋಂಕಿನಿಂದಲೂ ಅದು ಪಾಸಿಟಿವ್ ಬರುತ್ತದೆ. ಜ್ವರದ ಮೊದಲ ವಾರದಲ್ಲಿ ರಕ್ತದ ಕಲ್ಚರ್ ಮಾಡಿಸಿದರೆ ಮಾತ್ರ ನಂಬಬಹುದು.

ಮನೆಗಳಿಗೆ ಹೇಳಬೇಕಾದದ್ದು ಸ್ವಲ್ಪ. 20.5 ಗ್ರಾಂ ಓಆರ್‌ಎಸ್ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಒಂದು ಲೋಟಕ್ಕೇ ಇಡೀ ಪೊಟ್ಟಣ ಸುರಿದು ಮಗುವಿಗೆ ಕುಡಿಸಿದರೆ ಉಪ್ಪು ಹೆಚ್ಚಾಗಿ ಅಪಾಯವಾಗುತ್ತದೆ, ಇದು ನಡೆಯುತ್ತಲೇ ಇದೆ. ಕಲಸಿದ್ದನ್ನು 24 ಗಂಟೆಯ ಮೇಲೆ ಇಡಬಾರದು. ಆರು ತಿಂಗಳು ದಾಟಿದ ಮಕ್ಕಳಿಗೆ ಜಿಂಕ್ 20 ಮಿಲಿಗ್ರಾಂ, ಭೇದಿ ನಿಂತರೂ 14 ದಿನ. ನೀರು ಕುದಿ ಬಂದು ಒಂದು ನಿಮಿಷ ತೆರಪಿಲ್ಲದೆ ಕುದಿದರೆ ಸಾಕು.

ಡೆಂಗಿ ಲಾರ್ವಾ ನೋಡಲು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಗೂ ಹೋಗುತ್ತಾರೆ. ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ ಎಂದು ಹೇಳಿ ಬರುತ್ತಾರೆ. ಎಂಟು ದಿನಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ಈ ಮಾತಿಗೆ ಅರ್ಥವಿಲ್ಲ, ಯಾರೂ ಇದ್ದ ನೀರು ಚೆಲ್ಲುವುದಿಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಅಲ್ಲಿ ಹೇಳಬೇಕಾದದ್ದು ಡ್ರಮ್ಮಿನ ಬಾಯಿಗೆ ಹಳೆಯ ಸೀರೆ ಬಿಗಿದು ಕಟ್ಟಿ ಎಂದು. ಅದೇ ಭೇಟಿಯಲ್ಲಿ ಕೊನೆಯ ಮನೆಯ ನಳಕ್ಕೆ ಓಟಿ ಪರೀಕ್ಷೆಯನ್ನೂ ಮಾಡಿಸಬಹುದು. ಆದರೆ ಅದಕ್ಕೆ ಬೇರೆ ಗೌರವಧನ ಕೊಡಿ. ಪುಕ್ಕಟೆ ಕೆಲಸ ಹೇರಿದರೆ ಮತ್ತೆ 0.2ರ ಪುಟಗಳೇ ಹುಟ್ಟುತ್ತವೆ.

ಪಂಚಾಯಿತಿಯ ಗೋಡೆಯ ಮೇಲೆ ಬೇಕಾಗಿರುವುದು ಒಂದು ಕರಿಹಲಗೆ, ನಾಲ್ಕು ಅಂಕಣ. ದಿನಾಂಕ, ಟ್ಯಾಂಕಿನ ಕ್ಲೋರಿನ್, ವಾಲ್ವ್‌ವಾರು ಕೊನೆಯ ನಳದ ಕ್ಲೋರಿನ್, ವಾಲ್ವ್‌ವಾರು ಆ ವಾರದ ಭೇದಿ ರೋಗಿಗಳು. ಮೊದಲ ಮೂರನ್ನು ನೀರು ಬಿಟ್ಟ ದಿನ ವಾಟರ್‌ಮನ್ ಬರೆಯಲಿ, ನಾಲ್ಕನೆಯದನ್ನು ಸೋಮವಾರ ಸಿಸ್ಟರ್ ಬರೆಯಲಿ, ಪಿಡಿಒ ಸಹಿ ಇರಲಿ. ರೋಗಿಗಳ ಹೆಸರು ಹಲಗೆಯ ಮೇಲೆ ಬೇಡ, ಸಂಖ್ಯೆ ಸಾಕು. ನಗರಸಭೆಗಳು ವಾರ್ಡಿಗೊಂದರಂತೆ ಇದನ್ನೇ ಮಾಡಬಹುದು.

ಕೊನೆಯದಾಗಿ, ತಾತ್ಕಾಲಿಕ ಚಿಕಿತ್ಸಾ ಕೇಂದ್ರ ಎತ್ತಿದ ದಿನವೇ ನಿಗಾ ಎತ್ತುವುದರ ಬಗ್ಗೆ. ಕಾಲರಾ ಕೆಲವು ಗಂಟೆಯಿಂದ ಐದು ದಿನದೊಳಗೆ ಕಾಣಿಸಿಕೊಳ್ಳುತ್ತದೆ, ಟೈಫಾಯಿಡ್ ಒಂದರಿಂದ ನಾಲ್ಕು ವಾರ ತೆಗೆದುಕೊಳ್ಳುತ್ತದೆ. ಹೆಪಟೈಟಿಸ್ ಎ ಮತ್ತು ಇ ಅದೇ ಕೊಳಚೆ ನೀರಿನಿಂದ ಬಂದರೂ ಕಾಮಾಲೆಯಾಗಿ ತೋರುವುದು ಹೆಚ್ಚಾಗಿ ತಿಂಗಳು, ಒಂದೂವರೆ ತಿಂಗಳ ಮೇಲೆ. ಅಷ್ಟು ಹೊತ್ತಿಗೆ ಪತ್ರಿಕೆಗಳೂ ಇಲಾಖೆಯೂ ಊರನ್ನು ಮರೆತಿರುತ್ತವೆ. ಹೆಪಟೈಟಿಸ್ ಇ ಬಸುರಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿರುವವರಿಗೆ, ಜೀವಕ್ಕೇ ಎರವಾಗುವ ಕಾಯಿಲೆ. ಆದ್ದರಿಂದ ಕೊಳಚೆ ಸೇರಿದ ಸಾಲು ಯಾವುದೆಂದು ಗೊತ್ತಾದ ದಿನವೇ ಆ ಸಾಲಿನ ಬಸುರಿಯರ ಪಟ್ಟಿಯನ್ನು ತಾಯಿ ಕಾರ್ಡಿನ ರಿಜಿಸ್ಟರಿನಿಂದ ತೆಗೆಯಬೇಕು. ಅವರಿಗೆ ಕುದಿಸಿ ಆರಿಸಿದ ನೀರನ್ನೇ ಕುಡಿಯಲು ಹೇಳಿ, ಎಂಟು ವಾರಗಳವರೆಗೆ ವಾರಕ್ಕೊಮ್ಮೆ ಹೋಗಿ ಕಣ್ಣು ಹಳದಿಯಾಗಿದೆಯೇ, ಮೂತ್ರ ಗಾಢ ಬಣ್ಣವಾಗಿದೆಯೇ, ಊಟ ಸೇರುತ್ತಿದೆಯೇ ಎಂದು ವಿಚಾರಿಸಬೇಕು. ಸಂಶಯ ಬಂದರೆ ಊರಿನಲ್ಲಿ ಗಿಡಮೂಲಿಕೆಗೆ ಕಾಯದೆ ಅಂದೇ ಜಿಲ್ಲಾ ಆಸ್ಪತ್ರೆಗೆ ಕಳುಹಿಸಬೇಕು.

– ನೀರು ಪರೀಕ್ಷೆ ಮತ್ತು ರೋಗ ಸರ್ವೇಕ್ಷಣೆಯ ಕೆಲಸ ಬಲ್ಲ ಕೆಲವು ಓದುಗರು, ರಾಯಚೂರು